ಸರ್ಕಾರಿ ಶಾಲೆ ಖರ್ಚಿಗೆ ತಕ್ಕ ಫಲ ಕೊಡುತ್ತಿದೆಯೇ ಎಂದು ಅಳೆಯುವುದು ಹೇಗೆ?

ಸರಾಸರಿ ಅಂಕದಿಂದಲ್ಲ, ಮಕ್ಕಳ ಪ್ರಗತಿಯಿಂದ. ಸೇರುವಾಗ ಅವರು ಎಲ್ಲಿದ್ದರು, ಈಗ ಎಲ್ಲಿಗೆ ತಲುಪಿದ್ದಾರೆ ಎಂಬ ಅಂತರವೇ ಶಾಲೆಯ ನಿಜವಾದ ಕೊಡುಗೆ. ಅಂಕದಲ್ಲಿ ಮನೆಯ ಪಾಲು ದೊಡ್ಡದು: ಓದಿದ ತಂದೆತಾಯಿ, ಮನೆಪಾಠ, ಹೊಟ್ಟೆ ತುಂಬ ಊಟ. ಹಾಗಾಗಿ ಅನುಕೂಲಸ್ಥರ ಮಕ್ಕಳಿರುವ ಶಾಲೆ ಹೆಚ್ಚೇನೂ ಮಾಡದೆಯೂ ಮೇಲೆ ನಿಲ್ಲುತ್ತದೆ. ಇಂಗ್ಲೆಂಡ್ 2016ರಲ್ಲಿ ಜಾರಿಗೆ ತಂದ ‘ಪ್ರೋಗ್ರೆಸ್ 8’ ಎಂಬ ಮಾಪನವು ಪ್ರಾಥಮಿಕ ಹಂತದ ಕೊನೆಯಲ್ಲಿ ಒಂದೇ ಮಟ್ಟದಲ್ಲಿದ್ದ ಮಕ್ಕಳನ್ನಷ್ಟೇ ಪರಸ್ಪರ ಹೋಲಿಸುತ್ತದೆ. ಬಡತನವನ್ನು ಮಾತ್ರ ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ; ನನ್ನ ಪ್ರಕಾರ ಇದು ಸಣ್ಣ ಲೋಪವಲ್ಲ.

ತಲಾ ವೆಚ್ಚವನ್ನು ಈ ಪ್ರಗತಿಯ ಪಕ್ಕದಲ್ಲಿಟ್ಟು, ಒಂದೇ ಬಗೆಯ ಶಾಲೆಗಳ ನಡುವೆ ಹೋಲಿಸಬೇಕು. ಮಕ್ಕಳು ಕಡಿಮೆಯಿದ್ದರೂ ಶಿಕ್ಷಕರ ಸಂಬಳ ಕೊಡಲೇಬೇಕಾದ್ದರಿಂದ ಸಣ್ಣ ಶಾಲೆ ದುಬಾರಿಯಾಗಿಯೇ ಕಾಣುತ್ತದೆ. ಅಲ್ಲಿ ಒಂದಿಬ್ಬರ ಫಲಿತಾಂಶವೂ ಸರಾಸರಿಯನ್ನು ಅಲುಗಾಡಿಸುವುದರಿಂದ ಕನಿಷ್ಠ ಮೂರು ವರ್ಷಗಳ ಅಂಕಿಅಂಶ ನೋಡಿ.