ಮೇಷ್ಟ್ರ ಕಟ್ಟೆ: ಕಿರೀಟ ಕಟ್ಟಿದವರು ಯಾರು?

ಪ್ರಶ್ನೆ: ಮೂರು ತಿಂಗಳ ಹಿಂದೆ ಹತ್ತು ದಿನದ ಮೌನ ಧ್ಯಾನ ಶಿಬಿರಕ್ಕೆ ಹೋಗಿದ್ದೆ. ಏಳನೇ ದಿನ ಬೆಳಗಿನ ಜಾವ ಕೂತಿದ್ದಾಗ ನನ್ನ ಮೈ ಎಲ್ಲಿ ಮುಗಿಯುತ್ತದೆ, ಕೋಣೆ ಎಲ್ಲಿ ಶುರುವಾಗುತ್ತದೆ ಅನ್ನೋದೇ ಗೊತ್ತಾಗಲಿಲ್ಲ. ಫ್ಯಾನಿನ ಸದ್ದು ನನ್ನೊಳಗೇ ತಿರುಗುತ್ತಿತ್ತು. ಸುಮಾರು ಅರ್ಧ ಗಂಟೆ 'ನಾನು' ಇರಲೇ ಇಲ್ಲ. ಮನೆಗೆ ಬಂದ ಮೇಲೆ ಎಲ್ಲರೂ ನಿದ್ದೆಯಲ್ಲಿ ನಡೆಯುತ್ತಿರುವ ಹಾಗೆ ಕಾಣುತ್ತಾರೆ. ಆಫೀಸಿನ ಜಗಳಗಳು ಮಕ್ಕಳಾಟ ಅನ್ನಿಸುತ್ತವೆ. ನಾನು ಶಿಬಿರದಲ್ಲಿದ್ದಾಗ ಮಗನಿಗೆ ಜ್ವರ ಬಂದಿತ್ತಂತೆ. ಆ ಮಾತು ಬಂದಾಗಲೆಲ್ಲ ಹೆಂಡತಿ ಸಿಡುಕುತ್ತಾಳೆ. "ಮೊದಲು ನಿಮಗೆ ಅಹಂಕಾರ ಇತ್ತು, ಈಗ ಅಹಂಕಾರ ಇಲ್ಲ ಅನ್ನೋ ಅಹಂಕಾರ ಬಂದಿದೆ" ಅಂತಾಳೆ. ನನ್ನ ಅನುಭವ ಸುಳ್ಳಾ? ಅವಳಿಗೆ ಅರ್ಥ ಆಗುತ್ತಿಲ್ವಾ?
— ಹೆಸರು ಬೇಡ, ಬೆಂಗಳೂರು

ಉತ್ತರ: ಅನುಭವ ಸುಳ್ಳಲ್ಲ. ನಿಮ್ಮ ಮನೆಯವರ ಮಾತೂ ಸುಳ್ಳಲ್ಲ.

ನಿಮ್ಮ ಪತ್ರ ಒಂದೂವರೆ ಪುಟ ಇತ್ತು, ಇಲ್ಲಿ ಚಿಕ್ಕದು ಮಾಡಿ ಹಾಕಿದ್ದೇನೆ. ಮೂವತ್ತೊಂದು ವರ್ಷ ಉತ್ತರ ಪತ್ರಿಕೆ ತಿದ್ದಿದ ಕೈ ಸುಮ್ನೆ ಇರಲ್ಲ. ಕೆಂಪು ಪೆನ್ನು ಹಿಡಿದು ಎಣಿಸಿದೆ. 'ನಾನು', 'ನನ್ನ', 'ನನಗೆ' ಎಲ್ಲ ಸೇರಿ ಮೂವತ್ತೆಂಟು. ಅದೂ ಕನ್ನಡದಲ್ಲಿ! ನಮ್ಮ ಭಾಷೆಯಲ್ಲಿ 'ನಾನು' ಅನ್ನದೆ ಇಡೀ ದಿನ ಮಾತಾಡಬಹುದು. "ಹೋದೆ, ಕೂತೆ, ಕಂಡೆ, ಬಂದೆ" ಅಂದರೆ ಸಾಕು. ಮುಂಬಾಗಿಲಲ್ಲಿ ಹೊರಗೆ ಕಳಿಸಿದ ನಾನು ಕ್ರಿಯಾಪದದ ಬಾಲ ಹಿಡಿದು ಹಿತ್ತಲಿಂದ ಒಳಗೆ ಬಂದು ಕೂತಿರುತ್ತಾನೆ. ನೀವು ಅವನಿಗೆ ಮುಂಬಾಗಿಲನ್ನೂ ತೆಗೆದಿಟ್ಟಿದ್ದೀರಿ.

ಆ ಅರ್ಧ ಗಂಟೆ ಏನಾಯಿತು? ಮೈಯ ಗಡಿ ಎಲ್ಲಿದೆ ಅಂತ ಮಿದುಳು ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತಿರುತ್ತದೆ. ಚರ್ಮ, ಕೀಲು, ಕಣ್ಣು ಕಳಿಸುವ ಸುದ್ದಿಯೇ ಅದಕ್ಕೆ ಆಧಾರ. ಅಲ್ಲಾಡದೆ, ಕಣ್ಣು ಮುಚ್ಚಿ ಕೂತರೆ ಹೊಸ ಸುದ್ದಿ ಬರೋದು ಕಮ್ಮಿಯಾಗುತ್ತದೆ. ಬೆಳಿಗ್ಗೆ ಕಟ್ಟಿದ ವಾಚು ಹತ್ತು ನಿಮಿಷಕ್ಕೆ ಕೈಮೇಲಿರೋದೇ ಮರೆತುಹೋಗಲ್ವಾ, ಹಾಗೆ. ಲೆಕ್ಕ ಸಡಿಲಾದಾಗ ಗಡಿಯೂ ಸಡಿಲ. ಬೇರೆಯಾಗಿ ನಿಂತಿದ್ದೇನೆ ಅನ್ನೋದು ಕಲ್ಲಲ್ಲಿ ಕೆತ್ತಿದ್ದಲ್ಲ, ಆಗಾಗ ಹಾಕಿಕೊಳ್ಳೋ ಲೆಕ್ಕ ಅಂತ ನಿಮಗೆ ಕಂಡಿತು. ಕಂಡಿದ್ದು ನಿಜವೇ. ಎಡವಿದ್ದು ಆಮೇಲೆ, ಅದನ್ನು ಕಂಡವನಿಗೆ ನೀವು ಕಿರೀಟ ಕಟ್ಟಿದಾಗ.

ಇದು ನಿಮ್ಮೊಬ್ಬರ ಕಥೆ ಅಲ್ಲ. ಜರ್ಮನಿಯಲ್ಲಿ 93 ಜನ ಯೋಗ ಕಲಿಯುವವರನ್ನು 15 ವಾರ ಗಮನಿಸಿ, 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಯೋಗ ಮಾಡಿದ ಹೊತ್ತಿನಲ್ಲೇ 'ನಮ್ಮ ತರಗತಿಯ ಉಳಿದವರಿಗಿಂತ ನಾನು ಮೇಲು' ಅನ್ನೋ ಭಾವ ಜಾಸ್ತಿ ಕಂಡಿತು. ಧ್ಯಾನ ಮಾಡುವವರಲ್ಲೂ ಅದೇ. ನಾನು ಚೆನ್ನಾಗಿ ಹಾಡುತ್ತೇನೆ ಅಂತ ಬೀಗುವವನೂ, ನನಗೆ ಬೀಗೋದೇ ಇಲ್ಲ ಅಂತ ಬೀಗುವವನೂ ಒಂದೇ ಅಂಗಡಿಯ ಗಿರಾಕಿಗಳು.

ಕಿರೀಟದ ಮಾತು ಬಂತು, ನನ್ನದೇ ಕಥೆ ಹೇಳಿಬಿಡುತ್ತೇನೆ. ನಾನು ಹವ್ಯಾಸಿ ಯಕ್ಷಗಾನದವನು. 1987ರಲ್ಲಿ ಶಿರಸಿ ಹತ್ತಿರ ಕೊಯ್ಲಾದ ಗದ್ದೆಯಲ್ಲಿ ಆಟ. ನನಗೆ ಮೊದಲ ಸಲ ದೊಡ್ಡ ವೇಷ ಸಿಕ್ಕಿತ್ತು, ಕಾರ್ತವೀರ್ಯ. ಸಾವಿರ ತೋಳಿನ ರಾಜ! ಚೌಕಿಯಲ್ಲಿ, ಅಂದರೆ ವೇಷ ಕಟ್ಟೋ ಜಾಗದಲ್ಲಿ, ಕೂತರೆ ಎದೆಕಟ್ಟು, ಭುಜಕೀರ್ತಿ, ಕಿರೀಟ ಎಲ್ಲ ಕಟ್ಟಲು ಇನ್ನೊಬ್ಬರೇ ಬೇಕು. ಎಲ್ಲ ಹಗುರ ಮರ, ಮೇಲೆ ಬಂಗಾರದ ಬಣ್ಣದ ಬೇಗಡೆ, ನಡುನಡುವೆ ಕನ್ನಡಿ ಚೂರು. ಕಟ್ಟುವವನು ಹಿಂದೆ ನಿಂತು, ದಾರ ಎಳೆದು, ತಲೆ ನೋಯುವಷ್ಟು ಬಿಗಿಯುತ್ತಾನೆ. ಅಷ್ಟು ಬಿಗಿದರೇ ಅದು ನಿಲ್ಲೋದು. ಆವತ್ತು ಆಟ ಕಳೆಗಟ್ಟಿತು. ಚಂಡೆ ಬಿದ್ದ ಹಾಗೆ ನನ್ನ ಕಾಲಲ್ಲಿ ಇಲ್ಲದ ಶಕ್ತಿ ಬಂತು. ಜನ ಶಿಳ್ಳೆ ಹೊಡೆದರು. ಬೆಳಗಿನ ಜಾವ ಚೌಕಿಗೆ ಬಂದವನೇ, ಕಿರೀಟ ಕಟ್ಟಿದವನಿಗೆ "ಬೇಗ ಬಿಚ್ಚೋ, ಎಷ್ಟು ಹೊತ್ತು!" ಅಂದೆ. ಅವನು ನನಗಿಂತ ಹತ್ತು ವರ್ಷ ದೊಡ್ಡವನು. ಮಾತಾಡದೆ ಬಿಚ್ಚಿದ. ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಂಡು, ಹಣೆಯ ಮೇಲೆ ದಾರದ ಗೆರೆ ಹೊತ್ತುಕೊಂಡು, ಚಹಾದಂಗಡಿಗೆ ಹೋಗಿ "ಯಾರಲ್ಲಿ!" ಅಂತ ಕೂಗಿದೆ. ತಮಾಷೆಗೆ ಅಂದುಕೊಂಡಿದ್ದೆ. ಪೂರ್ತಿ ತಮಾಷೆ ಆಗಿರಲಿಲ್ಲ.

ಹದಿನೈದು ದಿನ ಬಿಟ್ಟು ಪಕ್ಕದ ಊರಲ್ಲಿ ಮತ್ತೆ ಅದೇ ವೇಷ. ಅದೇ ಮನುಷ್ಯ ಕಿರೀಟ ಕಟ್ಟಿದ. ಈ ಸಲ ತಲೆ ನೋಯಲಿಲ್ಲ, ಹಾಯಾಗಿತ್ತು. ರಂಗಕ್ಕೆ ಹೋಗಿ ಹಾರಿ ಸುತ್ತುವ ಧಿಗಿಣ ಮೂರನೇದು ಹಾಕಿದ್ದೇ ತಡ, ಕಿರೀಟ ಜಾರಿ ಮೂಗಿನ ಮೇಲೆ ಕೂತಿತು. ಕಣ್ಣು ಕಾಣದ ಕಾರ್ತವೀರ್ಯ ಭಾಗವತರ ಕಡೆ ಬೆನ್ನು ಹಾಕಿ ತೇಕುತ್ತಾ ನಿಂತ. ಗದ್ದೆ ತುಂಬ ನಗು. ಚೌಕಿಗೆ ಬಂದು ರೇಗಿದರೆ ಅವನು ತಣ್ಣಗೆ ಕೇಳಿದ: "ಸಾವಿರ ಕೈ ಇತ್ತಲ್ವಾ ಮೇಷ್ಟ್ರೇ, ಒಂದರಲ್ಲಿ ಹಿಡ್ಕೊಳ್ಳೋದಲ್ವಾ?"

ಈಗ ನಿಮ್ಮ ಪತ್ರಕ್ಕೆ ಬರುತ್ತೇನೆ. "ಮಗನಿಗೆ ಜ್ವರ ಬಂದಿತ್ತಂತೆ" ಅಂತ ಬರೆದಿದ್ದೀರಿ. ಆ 'ಅಂತೆ'ಯ ಮೇಲೆ ನನ್ನ ಕಣ್ಣು ನಿಂತುಬಿಟ್ಟಿತು. ನೀವು ಗಡಿಯಿಲ್ಲದೆ ಕೂತಿದ್ದ ಆ ಅರ್ಧ ಗಂಟೆಯಲ್ಲಿ ಯಾರೋ ಅಡುಗೆಮನೆಯಲ್ಲಿ ನಿಮಗೆ ತಿಂಡಿ ಬೇಯಿಸುತ್ತಿದ್ದರು. ಮನೆಯಲ್ಲಿ ಒಬ್ಬರು ಒದ್ದೆ ಬಟ್ಟೆ ಹಿಡಿದು ಮಗುವಿನ ಹಣೆ ಒರೆಸುತ್ತಿದ್ದಿರಬೇಕು. ಫೋನ್ ಮಾಡಿ ನಿಮ್ಮನ್ನು ಎಬ್ಬಿಸಲಿಲ್ಲ. ನಾನು ಬೇರೆಯಲ್ಲ ಅನ್ನೋದನ್ನು ಧ್ಯಾನದಲ್ಲಿ ನೋಡಿದ್ದೀರಿ, ಸಂತೋಷ. ಇವತ್ತು ರಾತ್ರಿ ಮಗು ಮಲಗಿದ ಮೇಲೆ ಆ ಹತ್ತು ದಿನ ಮನೆಯಲ್ಲಿ ಏನೇನಾಯಿತು ಅಂತ ಅವರನ್ನು ಕೇಳಿ. ಜ್ವರ ಎಷ್ಟಿತ್ತು, ಡಾಕ್ಟರ ಹತ್ತಿರ ಯಾರು ಕರೆದುಕೊಂಡು ಹೋದರು, ಎಷ್ಟು ರಾತ್ರಿ ನಿದ್ದೆ ಇರಲಿಲ್ಲ. ನಡುವೆ ನಿಮ್ಮ ಶಿಬಿರದ ಸುದ್ದಿ ಎತ್ತಬೇಡಿ. ಎತ್ತಬೇಕು ಅಂತ ಎಷ್ಟು ಸಲ ಬಾಯಿ ತುರಿಸಿತು ಅಂತ ನನಗೆ ಬರೆದು ಕಳಿಸಿ.

ಪ್ರಶ್ನೆ: ನಾನು ಪಿಯುಸಿ ವಿಜ್ಞಾನ ವಿದ್ಯಾರ್ಥಿನಿ. ಮಿದುಳಿನಲ್ಲಿ 'ನಾನು' ಇರುವ ಜಾಗ ಯಾವುದು?
— ಓದುಗಳು, ದಾವಣಗೆರೆ

ಉತ್ತರ: ಹಾಗೆ ಬೋರ್ಡು ಹಾಕಿಕೊಂಡ ಒಂದು ಕೋಣೆ ಸಿಕ್ಕಿಲ್ಲಮ್ಮ. ನೀನೇ ಮಾಡಬಹುದಾದ ಒಂದು ಪ್ರಯೋಗ ಹೇಳುತ್ತೇನೆ. 1998ರಲ್ಲಿ ಬಾಟ್ವಿನಿಕ್ ಮತ್ತು ಕೋಹೆನ್ ಅನ್ನುವ ಇಬ್ಬರು ಅಮೆರಿಕದಲ್ಲಿ ಮಾಡಿದ್ದು. ನಿನ್ನ ಒಂದು ಕೈಯನ್ನು ರಟ್ಟಿನ ಮರೆಯಲ್ಲಿ ಇಡು. ಕಣ್ಣೆದುರು ರಬ್ಬರ್ ಕೈ ಇಡು. ಗೆಳತಿ ಎರಡು ಬ್ರಷ್ ತಗೊಂಡು ಎರಡೂ ಕೈಗಳನ್ನು ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಸವರಲಿ. ಕೆಲವು ನಿಮಿಷದಲ್ಲಿ ಸ್ಪರ್ಶ ರಬ್ಬರ್ ಕೈಯಲ್ಲೇ ಆಗುತ್ತಿದೆ ಅನ್ನಿಸುತ್ತದೆ. ಎಲ್ಲರಿಗೂ ಆಗಲ್ಲ, ತುಂಬ ಜನಕ್ಕೆ ಆಗುತ್ತದೆ.

ನಮ್ಮ ಶಾಲೆಯಲ್ಲಿ ರಬ್ಬರ್ ಕೈ ಎಲ್ಲಿಂದ ತರೋದು? ತೋಟಕ್ಕೆ ಔಷಧಿ ಹೊಡೆಯುವಾಗ ಹಾಕುವ ಕೈಗವಸಿಗೆ ಹತ್ತಿ ತುಂಬಿದೆ. ಹತ್ತನೇ ಕ್ಲಾಸಿನ ಒಬ್ಬ ಹುಡುಗ ಕೂತ. ಎರಡು ಪೇಂಟ್ ಬ್ರಷ್. ಮೂರು ನಿಮಿಷ ಸವರಿ, ಹೇಳದೆ ಕೇಳದೆ ಡಸ್ಟರ್ ಎತ್ತಿ ಕೈಗವಸಿನ ಮೇಲೆ ರಪ್ಪನೆ ಹೊಡೆದೆ. ಹುಡುಗ "ಅಯ್ಯಪ್ಪಾ" ಅಂತ ಕುರ್ಚಿ ಸಮೇತ ಹಿಂದೆ ಹಾರಿದ. ಆಮೇಲೆ ಮರೆಯಲ್ಲಿದ್ದ ತನ್ನ ಕೈಯನ್ನು ತೆಗೆದು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ. ಮೂರು ನಿಮಿಷದಲ್ಲಿ 'ನನ್ನದು' ಹತ್ತಿ ತುಂಬಿದ ಚೀಲಕ್ಕೆ ಹೋಗಿ ಕೂತಿತ್ತು.

ಇನ್ನೊಂದು ಇದೆ, ನನಗೆ ಬಹಳ ಇಷ್ಟದ್ದು. ತೀವ್ರ ಅಪಸ್ಮಾರ ಇದ್ದ ಕೆಲವರಿಗೆ ಹಿಂದೆ ಮಿದುಳಿನ ಎರಡು ಅರ್ಧಗಳ ನಡುವಿನ ಸೇತುವೆಯನ್ನು ಕತ್ತರಿಸುತ್ತಿದ್ದರು. ಅಂಥವರ ಮೇಲೆ ಕೆಲಸ ಮಾಡಿದ ರೋಜರ್ ಸ್ಪೆರಿಗೆ 1981ರಲ್ಲಿ ನೊಬೆಲ್ ಬಂತು. ಅವರ ಶಿಷ್ಯ ಗಜಾನಿಗ ಒಬ್ಬ ರೋಗಿಯ ಎಡ ಮಿದುಳಿಗೆ ಮಾತ್ರ ಕೋಳಿ ಕಾಲಿನ ಚಿತ್ರ ತೋರಿಸಿದರು, ಬಲ ಮಿದುಳಿಗೆ ಮಾತ್ರ ಹಿಮದ ಚಿತ್ರ. ಬಲಗೈಯನ್ನು ಆಡಿಸೋದು ಎಡ ಮಿದುಳು, ಎಡಗೈಯನ್ನು ಬಲ ಮಿದುಳು. ಮುಂದೆ ಇಟ್ಟ ಚಿತ್ರಗಳಲ್ಲಿ ಬಲಗೈ ಕೋಳಿಯನ್ನು ಆರಿಸಿತು. ಎಡಗೈ ಸಲಿಕೆಯನ್ನು ಆರಿಸಿತು, ಹಿಮ ಎತ್ತಲು. ಸಲಿಕೆ ಯಾಕೆ ಅಂತ ಕೇಳಿದರು. ಮಾತಾಡೋದು ಎಡ ಮಿದುಳು, ಅದಕ್ಕೆ ಹಿಮದ ಸುದ್ದಿಯೇ ಗೊತ್ತಿಲ್ಲ. ಆದರೂ "ಗೊತ್ತಿಲ್ಲ" ಅನ್ನಲಿಲ್ಲ. ಕೋಳಿ ಗೂಡು ಚೊಕ್ಕಟ ಮಾಡೋಕೆ ಸಲಿಕೆ ಬೇಕಲ್ಲ ಅಂದುಬಿಟ್ಟಿತು!

ಯಕ್ಷಗಾನದಲ್ಲಿ ಅರ್ಥ ಹೇಳುವವರು, ಅಂದರೆ ರಂಗದಲ್ಲೇ ಮಾತು ಕಟ್ಟಿ ಆಡುವವರು, ಹೀಗೇ. ಕೈಯಿಂದ ಬಿಲ್ಲು ಜಾರಿ ಬಿದ್ದರೆ ಬಿದ್ದದ್ದಕ್ಕೇ ಒಂದು ಅರ್ಥ ಕಟ್ಟಿ, ಬೇಕೆಂದೇ ಬಿಸಾಡಿದ ಹಾಗೆ ಮಾತಾಡಿ ಚಪ್ಪಾಳೆ ತಗೊಳ್ಳುತ್ತಾರೆ. ನಮ್ಮ ತಲೆಯೊಳಗೂ ಅಂಥ ಒಬ್ಬ ಅರ್ಥಧಾರಿ ಇದ್ದಾನೆ ಅಂತ ಇಟ್ಟುಕೋ. ಎಲ್ಲ ನನ್ನಿಂದಲೇ ಆಯಿತು ಅಂತ ಆಮೇಲೆ ಅರ್ಥ ಹೇಳುತ್ತಾನೆ. ಹಾಗಂತ ಪರೀಕ್ಷೆಯಲ್ಲಿ 'ನಾನು ಇಲ್ಲ' ಅಂತ ಬರೆದು ಬರಬೇಡ. ಸೊನ್ನೆ ಬರೋದು ನಿನಗೇ.

ಪ್ರಶ್ನೆ: ತಮ್ಮನಿಗೆ 24 ವರ್ಷ. ಒಂದು ವಾರದಿಂದ ರಾತ್ರಿ ಎರಡು ಗಂಟೆ ಮಲಗಿದರೆ ಹೆಚ್ಚು, ಆದರೂ ಸುಸ್ತಿಲ್ಲ. ದೇವರು ತನ್ನ ಮೂಲಕ ಕೆಲಸ ಮಾಡುತ್ತಿದ್ದಾನೆ, ದೇಶ ಸರಿಮಾಡಲು ತಾನು ಬಂದಿದ್ದೇನೆ ಅಂತಾನೆ. ಸಾಲ ಮಾಡಿ ಮೂರು ಫೋನ್ ತಂದು ಇಬ್ಬರಿಗೆ ದಾನ ಕೊಟ್ಟ. ಬೇಡ ಅಂದರೆ ಕೂಗಾಡುತ್ತಾನೆ. ಮನೆಯವರು ಒಬ್ಬ ಸ್ವಾಮಿಗಳ ಹತ್ತಿರ ಕರೆದುಕೊಂಡು ಹೋದರು. ಅವರು ಇದು ಸಾಧನೆಯ ಲಕ್ಷಣ ಅಂದರು.
— ಅಕ್ಕ, ಹಾವೇರಿ ಜಿಲ್ಲೆ

ಉತ್ತರ: ಅಕ್ಕ, ಈ ಪತ್ರಕ್ಕೆ ನಾನು ಪತ್ರಿಕೆ ಅಚ್ಚಾಗುವ ತನಕ ಕಾಯಲಿಲ್ಲ, ನಿಮಗೆ ಆಗಲೇ ಉತ್ತರ ಕಳಿಸಿದ್ದೇನೆ. ಇಲ್ಲಿ ಹಾಕುತ್ತಿರುವುದು ಬೇರೆ ಮನೆಗಳಿಗಾಗಿ.

ಇದು ಮೇಲಿನ ಬೆಂಗಳೂರಿನವರ ಕಥೆ ಅಲ್ಲ. ಇದು ಅಹಂಕಾರವೂ ಅಲ್ಲ, ಸಾಧನೆಯೂ ಅಲ್ಲ. ನಿದ್ದೆ ಬೇಡ ಅನ್ನಿಸೋದು, ಕೈ ಸಡಿಲ ಬಿಟ್ಟು ಖರ್ಚು, ತಾನೇ ಅವತಾರ ಅನ್ನೋ ಮಾತು ಮೂರೂ ಒಟ್ಟಿಗೆ ಬಂದರೆ ಉನ್ಮಾದ ಇರಬಹುದು. ಬೈಪೋಲಾರ್ ಕಾಯಿಲೆಯಲ್ಲಿ ಇದು ಬರುತ್ತದೆ, ಬೇರೆ ಕಾರಣಗಳೂ ಇರುತ್ತವೆ. ಯಾವುದು ಅಂತ ಹೇಳಬೇಕಾದವರು ಮನೋವೈದ್ಯರು, ನಾನಲ್ಲ. ಇವತ್ತೇ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ. ಹೇಗೆ ಕರೆದುಕೊಂಡು ಹೋಗೋದು ಅಂತ ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಎಟಿಎಂ ಕಾರ್ಡು, ಬೈಕಿನ ಕೀ ಎತ್ತಿಡಿ.

ಇದಕ್ಕೆ ಔಷಧಿ ಇದೆ. ಲಿಥಿಯಂ ಇಂಥವರಿಗೆ ಕೆಲಸ ಮಾಡುತ್ತದೆ ಅಂತ 1949ರಲ್ಲೇ ಆಸ್ಟ್ರೇಲಿಯಾದ ಜಾನ್ ಕೇಡ್ ತೋರಿಸಿದರು. ಆಗಾಗ ರಕ್ತ ಪರೀಕ್ಷೆ ಮಾಡಿಸಿಕೊಂಡು ಇವತ್ತಿಗೂ ಕೊಡುತ್ತಾರೆ.

ವಾದಕ್ಕೆ ಮಾತ್ರ ಇಳಿಯಬೇಡಿ. 1959ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಮಿಲ್ಟನ್ ರೋಕೀಚ್ ಅನ್ನೋ ಮನಶ್ಶಾಸ್ತ್ರಜ್ಞ, ನಾನೇ ಏಸು ಅನ್ನುತ್ತಿದ್ದ ಮೂವರು ರೋಗಿಗಳನ್ನು ಒಂದೇ ಕಡೆ ಇರಿಸಿದರು. ಒಬ್ಬರನ್ನೊಬ್ಬರು ನೋಡಿ ಭ್ರಮೆ ಬಿಡುತ್ತಾರೆ ಅನ್ನೋ ಲೆಕ್ಕ. ಸುಮಾರು ಎರಡು ವರ್ಷ ನಡೆಯಿತು. ಒಬ್ಬರೂ ಬಿಡಲಿಲ್ಲ, ಉಳಿದಿಬ್ಬರಿಗೆ ತಲೆ ಸರಿಯಿಲ್ಲ ಅಂದರು. ಅವರನ್ನು ಬದಲಾಯಿಸಬಲ್ಲೆ ಅಂದುಕೊಂಡ ನನಗೇ ದೇವರ ಭ್ರಮೆ ಹಿಡಿದಿತ್ತು, ಅದನ್ನು ಆ ಮೂವರು ಬಿಡಿಸಿದರು ಅಂತ ಎಷ್ಟೋ ವರ್ಷದ ಮೇಲೆ ರೋಕೀಚ್ ಒಪ್ಪಿಕೊಂಡರು.

ತಮ್ಮ "ನಾನೇ ಅವತಾರ" ಅಂದರೆ ಹೌದು ಅನ್ನಬೇಡಿ, ಅಲ್ಲ ಅಂತಲೂ ಜಗ್ಗಾಡಬೇಡಿ. "ಎಷ್ಟು ದಿನ ಆಯ್ತು ನಿದ್ದೆ ಮಾಡಿ? ನಿದ್ದೆಗೆ ಏನಾದ್ರೂ ಕೇಳ್ಕೊಂಡು ಬರೋಣ ಬಾ" ಅನ್ನಿ. ಅಕ್ಕ ಕರೆದರೆ ಬಂದಾನು.

ಪ್ರಶ್ನೆ: "ನಾನು ಹೋದರೆ ಹೋದೇನು" ಅಂತ ಕನಕದಾಸರು ವ್ಯಾಸರಾಯರ ಮುಂದೆ ಹೇಳಿದ್ದು ನಿಜವಾ?
— ಗದಗ

ಉತ್ತರ: ವೈಕುಂಠಕ್ಕೆ ಯಾರು ಹೋಗುತ್ತಾರೆ ಅಂತ ಗುರುಗಳು ಕೇಳಿದರಂತೆ, ಇವರು ಹಾಗಂದರಂತೆ. ಬಾಯಿಂದ ಬಾಯಿಗೆ ಬಂದ ಕಥೆ, ಅದಕ್ಕೇ ಎರಡು 'ಅಂತೆ' ಹಾಕಿದ್ದೇನೆ. ಚೆಂದದ ಕಥೆ. ಕಳೆದ ನವೆಂಬರಿನಲ್ಲಿ ಕನಕ ಜಯಂತಿಗೆ ಬಂದಿದ್ದ ಭಾಷಣಕಾರರೊಬ್ಬರು ಇದನ್ನು ಹೇಳಲು ಒಂದೂಕಾಲು ಗಂಟೆ ತಗೊಂಡರು. ಅಧ್ಯಕ್ಷರಿಗೆ ತಂದ ಶಾಲೂ ಅವರೇ ಹೊದ್ದುಕೊಂಡು ಹೋದರು.

ಪ್ರಶ್ನೆ: ಮೇಷ್ಟ್ರೇ, ನಿಮ್ಮನ್ನು ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ನೋಡಿದೆ. ಅಂಕಣದ ಫೋಟೋದಲ್ಲಿ ಇಷ್ಟೊಂದು ಕೂದಲು ಹೇಗೆ?
— ಸಿದ್ದಾಪುರ

ಉತ್ತರ: ಅದು 2003ರ ಫೋಟೋ. ಹೋದ ತಿಂಗಳು ಹೊಸದು ಕಳಿಸಿದ್ದೆ. ಹಳೆಯದೇ ಚೆನ್ನಾಗಿದೆ, ಇರಲಿ ಅಂದರು ಸಂಪಾದಕರು. ನಾನೂ ಜಾಸ್ತಿ ಒತ್ತಾಯ ಮಾಡಲಿಲ್ಲ.