ತಾಯಿ–ಕೂಸು ಪ್ರಶ್ನೋತ್ತರ: ಚಹಾದ ಜೊತೆ ಗುಳಿಗೆ ಬೇಡ, ರಕ್ತಕ್ಕೆ ಕಣ್ಣಂದಾಜು ಬೇಡ

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಓದುಗರ ಪತ್ರಗಳಿಗೆ ಹೆರಿಗೆ ಶುಶ್ರೂಷೆ ಕಲಿಸುವ ಬಳಗದ ಉತ್ತರ.

ಐದು ತಿಂಗಳು ಮುಗದಾವ. ರಕ್ತ (ಹಿಮೋಗ್ಲೋಬಿನ್) 8.6 ಇತ್ತು. ಎರಡು ತಿಂಗಳಿಂದ ಕೆಂಪು ಗುಳಿಗೆ ತಗೊಳ್ಳಾಕತ್ತೀನಿ, 8.8ಕ್ಕ ಬಂದು ನಿಂತೈತಿ. ಮರೀಬಾರದು ಅಂತ ಮುಂಜಾನೆ ಚಹಾ ಕುಡದ ಕೂಡ್ಲೇ ಕಬ್ಬಿಣದ್ದು, ಕ್ಯಾಲ್ಸಿಯಂದು ಎರಡೂ ಒಮ್ಮೆಲೇ ನುಂಗತೀನಿ. ಗುಳಿಗಿ ತಿಂದ್ರ ಕೂಸು ಕಪ್ಪಾಗತೈತಿ, ಬೀಟ್‌ರೂಟ್ ತಿನ್ನು ಅಂತಾರ ನಮ್ಮ ಅತ್ತಿ. ಏನ್ ಮಾಡ್ಲಿ ಅಕ್ಕಾರ?
— ರೋಣ ತಾಲ್ಲೂಕಿನ ಗರ್ಭಿಣಿ

ತಂಗೀ, ನೀವು ಒಂದು ದಿನವೂ ತಪ್ಪಿಸದೆ ನುಂಗಿದ್ದೀರಿ. ಆದರೆ ಹೊತ್ತು ತಪ್ಪಿದೆ. ಚಹಾದ ಒಗರು ಕರುಳಿನಲ್ಲಿ ಕಬ್ಬಿಣವನ್ನು ಹಿಡಿದುಕೊಂಡು ಮೈಗೆ ಹತ್ತದಂತೆ ಮಾಡುತ್ತದೆ. ಕ್ಯಾಲ್ಸಿಯಂ ಕೂಡ ಕಬ್ಬಿಣಕ್ಕೆ ಅಡ್ಡ ಬರುತ್ತದೆ. ಮೂರನ್ನೂ ಒಟ್ಟಿಗೆ ಹೊಟ್ಟೆಗೆ ಹಾಕಿದರೆ ಗುಳಿಗೆಯ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ.

ನಾಳೆಯಿಂದ ಹೀಗೆ ಮಾಡಿ. ಮುಂಜಾನೆ ಚಹಾ ಕುಡಿಯಿರಿ, ಗುಳಿಗೆ ಬೇಡ. ಎಂಟರ ಸುಮಾರಿಗೆ ನಾಷ್ಟಾ ಅಥವಾ ರೊಟ್ಟಿಯ ಜೊತೆ ಮೊದಲ ಕ್ಯಾಲ್ಸಿಯಂ, 500 ಮಿ.ಗ್ರಾಂ. ಹನ್ನೊಂದಕ್ಕೆ ನಿಂಬೆಹಣ್ಣಿನ ನೀರಿನ ಜೊತೆ ಕೆಂಪು ಗುಳಿಗೆ. ಮಧ್ಯಾಹ್ನದ ಊಟದ ಜೊತೆ ಎರಡನೆಯ ಕ್ಯಾಲ್ಸಿಯಂ. ಸಂಜೆಯ ಚಹಾ ನಾಲ್ಕಕ್ಕೆ ಮುಗಿಯಲಿ. ಇನ್ನೊಂದು ಕೆಂಪು ಗುಳಿಗೆ ರಾತ್ರಿ ಊಟವಾಗಿ ಎರಡು ತಾಸಿನ ಮೇಲೆ, ಮಲಗುವಾಗ. ಎರಡು ಯಾಕೆಂದರೆ, ಸರ್ಕಾರಿ ಕೆಂಪು ಗುಳಿಗೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ರಕ್ತ 11 ಅಥವಾ ಅದಕ್ಕಿಂತ ಹೆಚ್ಚಿದ್ದವರಿಗೆ ದಿನಕ್ಕೆ ಒಂದು ಸಾಕು, 7ರಿಂದ 10.9ರ ಒಳಗಿದ್ದವರಿಗೆ ಎರಡು ಬೇಕು. ನಿಮಗೆ ಎಷ್ಟು ಬರೆದಿದ್ದಾರೆ ಎಂದು ತಾಯಿ ಕಾರ್ಡಿನಲ್ಲಿ ನೋಡಿ, ಉಪಕೇಂದ್ರದ ಸಿಸ್ಟರ್ ಹತ್ತಿರ ಖಾತ್ರಿ ಮಾಡಿಕೊಳ್ಳಿ.

ಗುಳಿಗೆ ಸರಿಯಾಗಿ ಹತ್ತಿದರೆ ಒಂದು ತಿಂಗಳಲ್ಲಿ ರಕ್ತ ಕನಿಷ್ಠ 1 ಗ್ರಾಂ ಏರಬೇಕು. ನಿಮಗೆ ಎರಡು ತಿಂಗಳಲ್ಲಿ ಏರಿದ್ದು 0.2. ಹಾಗಾಗಿ ಹೊತ್ತು ಬದಲಿಸಿದ್ದೇನೆ ಎಂದು ಮತ್ತೊಂದು ತಿಂಗಳು ಮನೆಯಲ್ಲಿ ಕಾಯಬೇಡಿ, ಈ ವಾರವೇ ವೈದ್ಯರನ್ನು ಕಾಣಿರಿ. ಜಂತುಹುಳು, ಬಿ12 ಕೊರತೆ, ತಲಸ್ಸೇಮಿಯಾದಂಥ ವಂಶಪಾರಂಪರ್ಯದ ತೊಂದರೆ ಇವೆಯೇ ಎಂದು ನೋಡಬೇಕಾಗುತ್ತದೆ. ನಾಲ್ಕನೆಯ ತಿಂಗಳಿಂದ ಆರನೆಯ ತಿಂಗಳೊಳಗೆ ಕೊಡುವ 400 ಮಿ.ಗ್ರಾಂ ಆಲ್ಬೆಂಡಜೋಲ್ ಗುಳಿಗೆ ಆಗಿದೆಯೇ ಎಂದೂ ಕೇಳಿ. ಗುಳಿಗೆಗೆ ಜಗ್ಗದಿದ್ದರೆ ರಕ್ತನಾಳದ ಮೂಲಕ ಕಬ್ಬಿಣ ಕೊಡುತ್ತಾರೆ. ಅದಕ್ಕೆ ಸಮಯ ಈಗಲೇ, ಒಂಬತ್ತನೆಯ ತಿಂಗಳಲ್ಲಲ್ಲ.

ಅತ್ತೆಯವರಿಗೆ ಹೀಗೆ ಹೇಳಿ: ಗುಳಿಗೆಯಿಂದ ಕಪ್ಪಾಗುವುದು ಮಲ ಮಾತ್ರ. ಕೂಸಿನ ಬಣ್ಣ ತಂದೆ-ತಾಯಿಯಿಂದ ಬರುತ್ತದೆ. 100 ಗ್ರಾಂ ಬೀಟ್‌ರೂಟ್‌ನಲ್ಲಿ ಒಂದು ಮಿ.ಗ್ರಾಂ ಕಬ್ಬಿಣವೂ ಇಲ್ಲ, ಅದರ ಕೆಂಪಿಗೂ ರಕ್ತಕ್ಕೂ ಸಂಬಂಧವಿಲ್ಲ. ರೊಟ್ಟಿಯ ಜೊತೆ ಮೊಳಕೆ ಬಂದ ಹೆಸರುಕಾಳು, ಮಡಕಿಕಾಳು ತಿನ್ನಿ, ಮೆಂತ್ಯ ಪಲ್ಲೆಯ ಮೇಲೆ ನಿಂಬೆ ಹಿಂಡಿಕೊಳ್ಳಿ. ತಿನ್ನುವ ರೂಢಿ ಇದ್ದರೆ ಮಾಂಸ, ಮೀನು ಒಳ್ಳೆಯದು. ಇದೆಲ್ಲ ಗುಳಿಗೆಗೆ ಆಸರೆ, ಗುಳಿಗೆಯ ಬದಲಿಗೆ ಅಲ್ಲ. ಇನ್ನೊಂದು ಮಾತು: ಬಳಪ, ಮಣ್ಣು ತಿನ್ನಬೇಕು ಅನ್ನಿಸುತ್ತಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ಅದು ಬಯಕೆಯಲ್ಲ, ಬಹಳ ಸಲ ಕಬ್ಬಿಣದ ಕೊರತೆಯ ಗುರುತು.

ನಾನು ನರ್ಸಿಂಗ್ ವಿದ್ಯಾರ್ಥಿನಿ. ಹೆರಿಗೆ ಶುಶ್ರೂಷೆಯಲ್ಲಿ ಸಂಶೋಧನೆ ಅಂದರೆ ನಮ್ಮಲ್ಲಿ ಎಲ್ಲರೂ ಪಾಠಕ್ಕೆ ಮುಂಚೆ ಒಂದು ಪ್ರಶ್ನಾವಳಿ, ಪಾಠದ ನಂತರ ಒಂದು ಪ್ರಶ್ನಾವಳಿ ಕೊಡುತ್ತಾರೆ. ಇದರಿಂದ ನಿಜವಾಗಿ ತಾಯಂದಿರಿಗೆ ಉಪಯೋಗವಿದೆಯೇ? ಬೇರೆ ಏನು ಮಾಡಬಹುದು?
— ಹುಬ್ಬಳ್ಳಿಯ ಓದುಗರು

ನಿಮ್ಮ ಅನುಮಾನ ಸರಿಯಾಗಿದೆ. ಪಾಠ ಮಾಡಿದ ಮರುವಾರ ಅದೇ ಪ್ರಶ್ನೆ ಕೇಳಿದರೆ ಅಂಕ ಏರಿಯೇ ಏರುತ್ತದೆ. ಅದು ನೆನಪಿನ ಅಳತೆ. ಆ ತಾಯಿ ಗುಳಿಗೆ ನುಂಗಿದಳೇ, ತಲೆನೋವು ಬಂದಾಗ ಆಸ್ಪತ್ರೆಗೆ ಹೋದಳೇ ಎಂಬುದು ಅದರಿಂದ ಗೊತ್ತಾಗುವುದಿಲ್ಲ.

ಸಂಶೋಧನೆ ಹೇಗಿರಬೇಕು ಎನ್ನುವುದಕ್ಕೆ ದೂರ ಹೋಗಬೇಕಿಲ್ಲ, ಪಕ್ಕದ ಬೆಳಗಾವಿಯೇ ಸಾಕು. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರೊಡನೆ ಸೇರಿ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಿದ್ದ ಎಎನ್‌ಎಂಗಳೇ (ಉಪಕೇಂದ್ರದ ಸಿಸ್ಟರ್‌ಗಳೇ) ಕೂಸು ಹುಟ್ಟಿದ ಮೇಲೆ ತಾಯಿಗೆ ರಕ್ತಸ್ರಾವ ತಡೆಯುವ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್ ಗುಳಿಗೆ ಕೊಟ್ಟರು. 1,620 ಮಹಿಳೆಯರಲ್ಲಿ ಅರ್ಧದಷ್ಟು ಜನರಿಗೆ ಔಷಧಿ, ಉಳಿದವರಿಗೆ ಔಷಧವಿಲ್ಲದ ಗುಳಿಗೆ. ಅತಿ ರಕ್ತಸ್ರಾವ 12%ರಿಂದ 6.4%ಕ್ಕೆ ಇಳಿಯಿತು.

ಅಲ್ಲಿ ರಕ್ತವನ್ನು ಅಳೆದದ್ದು ಕಣ್ಣಿನಿಂದಲ್ಲ, ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಸಿನಿಂದ. ಹಾಸಿನ ತುದಿಯಲ್ಲಿ ಲಾಳಿಕೆಯಂಥ ಚೀಲ, ಚೀಲದ ಮೇಲೆ ಮಿಲಿಲೀಟರ್ ಗೆರೆಗಳು. ಕಣ್ಣಂದಾಜು ಈ ಅಳತೆಗಿಂತ 33% ಕಡಿಮೆ ಬರುತ್ತದೆ ಎಂದು ಅಲ್ಲಿಯೇ ತೋರಿಸಿದರು. 600 ಮಿ.ಲೀ ಹೋಗಿದ್ದರೆ ನುರಿತವರ ಕಣ್ಣಿಗೂ 400 ಕಾಣುತ್ತದೆ. 500 ದಾಟಿದರೆ ಅತಿ ರಕ್ತಸ್ರಾವ ಎಂದು ಲೆಕ್ಕ, ಹಾಗಾಗಿ ಆ ತಾಯಿ 'ಎಲ್ಲ ಸರಿ ಇದೆ' ಎನ್ನುವ ಸಾಲಿಗೆ ಸೇರಿಬಿಡುತ್ತಾಳೆ. ಮುಂದೆ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಮೇಲೆ ಅಧ್ಯಯನ ನಡೆಸಿ, ಅರ್ಧದಷ್ಟು ಆಸ್ಪತ್ರೆಗಳಲ್ಲಿ ಇಂಥದೇ ಹಾಸನ್ನು ಬಳಸಿದರು. ಜೊತೆಗೆ ಗರ್ಭಕೋಶ ತಿಕ್ಕುವುದು, ಗರ್ಭಕೋಶ ಬಿಗಿಗೊಳಿಸುವ ಔಷಧಿ, ರಕ್ತ ನಿಲ್ಲಿಸುವ 1 ಗ್ರಾಂ ಟ್ರಾನೆಕ್ಸಾಮಿಕ್ ಆಮ್ಲ, ಸಲಾಯಿನ್, ರಕ್ತ ಎಲ್ಲಿಂದ ಬರುತ್ತಿದೆ ಎಂಬ ತಪಾಸಣೆ, ಇಷ್ಟನ್ನೂ ಒಂದಾದ ಮೇಲೊಂದು ಅಲ್ಲದೆ ಒಟ್ಟಿಗೆ ಶುರು ಮಾಡಿದರು. 2023ರಲ್ಲಿ ಬಂದ ಫಲಿತಾಂಶ: ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಅದರಿಂದಾಗುವ ಸಾವು, ಮೂರನ್ನೂ ಸೇರಿಸಿ ನೋಡಿದರೆ 60% ಇಳಿಕೆ.

ನಿಮ್ಮ ಕೈಗೆಟಕುವ ವಿಷಯಗಳು ಇವೆ. ಒಂದು, ಗುಳಿಗೆಯ ಹೊತ್ತಿನ ಬಗ್ಗೆ ಒಂದು ಗುಂಪಿಗೆ ಪಾಠ, ಇನ್ನೊಂದಕ್ಕೆ ಎಂದಿನ ಸಲಹೆ ಕೊಟ್ಟು, ಎಂಟು ವಾರದ ನಂತರ ಖಾಲಿ ಗುಳಿಗೆ ಪಟ್ಟಿ ಎಣಿಸಿ ಹಿಮೋಗ್ಲೋಬಿನ್ ನೋಡಿ. ಎರಡೂ ಸಲ ಒಂದೇ ಯಂತ್ರ, ಒಂದೇ ವಿಧಾನ ಇರಲಿ. ಬೆರಳನ್ನು ಹಿಂಡಿ ತೆಗೆದ ಹನಿಯಲ್ಲಿ ನೀರಂಶ ಬೆರೆತು ಅಂಕಿ ತಪ್ಪುತ್ತದೆ, ಮೊದಲ ಹನಿ ಒರೆಸಿ ತಾನಾಗಿ ಬಂದ ಹನಿ ಹಿಡಿಯಿರಿ. ಇನ್ನೊಂದು, ಅಳತೆ ಹಾಸು ಇಲ್ಲದ ಕಡೆ ಪ್ಯಾಡ್ ತೂಗುವುದು. ಒದ್ದೆ ತೂಕದಲ್ಲಿ ಒಣ ತೂಕ ಕಳೆದರೆ ಬರುವ ಪ್ರತಿ ಗ್ರಾಂ ಹೆಚ್ಚುಕಡಿಮೆ ಒಂದು ಮಿ.ಲೀ ರಕ್ತ. ಕೂಸು ಹೊರಬಂದ ಮೇಲಷ್ಟೇ ಹಾಸು, ಪ್ಯಾಡ್ ಇಡಿ, ಇಲ್ಲದಿದ್ದರೆ ಕೂಸಿನ ಸುತ್ತಲಿನ ನೀರು ಸೇರಿ ಲೆಕ್ಕವೆಲ್ಲ ಕೆಡುತ್ತದೆ. ನೈತಿಕ ಸಮಿತಿಯ ಒಪ್ಪಿಗೆ ಮೊದಲು. ತಾಯಂದಿರ ಒಪ್ಪಿಗೆ ಪತ್ರ ಅವರು ಆಡುವ ಕನ್ನಡದಲ್ಲಿರಲಿ.

ಕೂಸು ಹೊಟ್ಟೆಯಲ್ಲಿ ಮಿಸುಕಾಡುವುದನ್ನು ಎಣಿಸಬೇಕೆ?
— ಬ್ಯಾಡಗಿ

ಏಳನೆಯ ತಿಂಗಳು ತುಂಬಿದ ಮೇಲೆ ದಿನವೂ ಗಮನವಿರಲಿ. ಅನುಮಾನ ಬಂದರೆ ಏನಾದರೂ ತಿಂದು ಎಡಮಗ್ಗುಲಾಗಿ ಮಲಗಿ ಎಣಿಸಿ. ಎರಡು ತಾಸಿನಲ್ಲಿ ಹತ್ತು ಮಿಸುಕಾಟ ಬರದಿದ್ದರೆ ಅಥವಾ ಎಂದಿನಂತಿಲ್ಲ ಅನ್ನಿಸಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ. 'ಹೆರಿಗೆ ಹತ್ತಿರ ಬಂದಾಗ ಕೂಸು ಸುಮ್ಮನಾಗುತ್ತದೆ' ಎನ್ನುವ ಮಾತನ್ನು ನಂಬಬೇಡಿ.

ಮಗಳನ್ನು ಕುಬಸ ಮಾಡಿ ತವರಿಗೆ ಕರೆದುಕೊಂಡು ಬರುತ್ತೇವೆ. ಚೊಚ್ಚಲು. ಅವಳ ತಪಾಸಣೆ ಎಲ್ಲ ಗಂಡನ ಊರಿನಲ್ಲೇ ಆಗಿದೆ. ನಾವು ಏನು ನೋಡಿಕೊಳ್ಳಬೇಕು?
— ಸವಣೂರು ತಾಲ್ಲೂಕಿನ ತಾಯಿ

ಅಮ್ಮಾ, ಸೀರೆ, ಬಳೆ, ಬುತ್ತಿಯ ಜೊತೆ ಮೊದಲು ತಾಯಿ ಕಾರ್ಡ್ ಬರಲಿ. ಏಳನೆಯ ತಿಂಗಳಲ್ಲಿ ಊರು ಬದಲಾಗುವುದರಿಂದ ಬಹಳ ಹೆಣ್ಣುಮಕ್ಕಳ ತಪಾಸಣೆ ಇಲ್ಲೇ ಕಡಿದುಬೀಳುತ್ತದೆ: ಅಲ್ಲಿಯ ಆಶಾ 'ಈಕೆ ತವರಿಗೆ ಹೋದಳು' ಅಂದುಕೊಳ್ಳುತ್ತಾರೆ, ಇಲ್ಲಿಯವರಿಗೆ ಬಂದದ್ದೇ ಗೊತ್ತಿರುವುದಿಲ್ಲ. ರಕ್ತದೊತ್ತಡ ಏರುವುದು ಹೆಚ್ಚಾಗಿ ಇದೇ ಕೊನೆಯ ಮೂರು ತಿಂಗಳಲ್ಲಿ. ಬಂದ ವಾರದಲ್ಲೇ ನಿಮ್ಮೂರ ಆಶಾಗೆ ಹೇಳಿ, ಒತ್ತಡ, ಮೂತ್ರ, ರಕ್ತ ಮೂರನ್ನೂ ನೋಡಿಸಿ. ಒತ್ತಡ 140/90 ಮುಟ್ಟಿದರೆ ವೈದ್ಯರ ಹತ್ತಿರ ಹೋಗಲೇಬೇಕು. 160/110 ಇದ್ದರೆ, ಅಥವಾ ತಲೆ ಸಿಡಿಯುವಂಥ ನೋವು, ಕಣ್ಣು ಮಂಜು, ಎದೆಗುಂಡಿಗೆಯ ಕೆಳಗೆ ನೋವು, ಮುಖದ ಬಾವು ಕಂಡರೆ ಅದೇ ಗಳಿಗೆ ಹೊರಡಿ. ಫಿಟ್ಸ್ ತಡೆಯುವ ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದು ಇದೆ, ಆದರೆ ಅದು ಆಸ್ಪತ್ರೆಯಲ್ಲಿದೆ.

ಕಾರ್ಡಿನಲ್ಲಿ ರಕ್ತದ ಗುಂಪು ನೋಡಿ. ನೆಗೆಟಿವ್ ಇದ್ದರೆ, ಕೂಸಿನದು ಪಾಸಿಟಿವ್ ಆದಲ್ಲಿ ಹೆರಿಗೆಯಾಗಿ 72 ತಾಸಿನೊಳಗೆ ಆಂಟಿ-ಡಿ ಚುಚ್ಚುಮದ್ದು ಬೇಕು. ಅದು ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ ಎಂದು ಮೊದಲೇ ವಿಚಾರಿಸಿ. ರಕ್ತ ಕಡಿಮೆ ಇದ್ದವರು, ಒತ್ತಡ ಇದ್ದವರು, ಅವಳಿ ಇದ್ದವರು ಹಾವೇರಿ ಜಿಲ್ಲಾ ಆಸ್ಪತ್ರೆಯನ್ನೋ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಯನ್ನೋ ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ನೋವು ಶುರುವಾದ ಮೇಲೆ ಒಂದು ಕಡೆ ತೋರಿಸಿ, ಅಲ್ಲಿಂದ ಇನ್ನೊಂದು ಕಡೆಗೆ ಕಳಿಸಿ, ಹೀಗೆ ರಸ್ತೆಯಲ್ಲಿ ತಾಸುಗಳು ಕಳೆದುಹೋಗುತ್ತವೆ. 108ರ ಜೊತೆಗೆ ರಾತ್ರಿ ಎಬ್ಬಿಸಿದರೆ ಬರುವ ಒಂದು ಗಾಡಿಯವರ ನಂಬರ್, ರಕ್ತ ಕೊಡಬಲ್ಲ ಇಬ್ಬರ ಹೆಸರು ಕಾರ್ಡಿನ ಹಿಂದೆ ಬರೆದಿಡಿ. ನೀರು ಒಡೆದರೆ ಹೊತ್ತು, ಬಣ್ಣ ಗುರುತಿಸಿ. ಹಸಿರಾಗಿದ್ದರೆ ನೋವಿಗಾಗಿ ಕಾಯಬೇಡಿ.

ಹೆರಿಗೆ ಕೋಣೆಯಲ್ಲಿ ಹೆಂಡತಿಯ ಜೊತೆ ಯಾರಾದರೂ ಇರಬಹುದೆ? ನೋವು ಬಂದಾಗ ಅಡ್ಡಾಡಬಾರದೆ? ಬೇಗ ಆಗಲೆಂದು ಹೊಟ್ಟೆ ಒತ್ತಿಸುವುದು, ನೋವು ಏರಿಸುವ ಇಂಜೆಕ್ಷನ್ ಹಾಕಿಸುವುದು ಸರಿಯೆ?
— ಧಾರವಾಡ

ಇರಬಹುದು. ಹೆರಿಗೆಯ ಅನುಭವವಿರುವ ಒಬ್ಬ ಹೆಣ್ಣುಮಗಳು ಜೊತೆಗಿರಲು ಸರ್ಕಾರಿ ಆಸ್ಪತ್ರೆಗಳಲ್ಲಿ ಅವಕಾಶವಿದೆ. ಮರೆ ಇರುವ ಕೋಣೆಯಾದರೆ ಗಂಡನೂ ಇರಬಹುದು. ನೋವಿನುದ್ದಕ್ಕೂ ಒಬ್ಬರು ಬಿಡದೆ ಪಕ್ಕದಲ್ಲಿದ್ದರೆ ಸಿಸೇರಿಯನ್ ಕಡಿಮೆಯಾಗುತ್ತದೆ, ಹೆರಿಗೆಯೂ ಸ್ವಲ್ಪ ಬೇಗ ಆಗುತ್ತದೆ ಎಂದು ಹದಿನೈದು ಸಾವಿರಕ್ಕೂ ಹೆಚ್ಚು ಮಹಿಳೆಯರ ಅಧ್ಯಯನಗಳು ತೋರಿಸಿವೆ. ಅಡ್ಡಾಡುವುದು, ಕೂರುವುದು, ಗೋಡೆ ಹಿಡಿದು ಬಾಗಿ ನಿಲ್ಲುವುದು ಒಳ್ಳೆಯದೇ. ಮಲಗಿದವರಿಗಿಂತ ಹೀಗಿದ್ದವರ ಮೊದಲ ಹಂತ ಸರಾಸರಿ 1 ತಾಸು 22 ನಿಮಿಷ ಬೇಗ ಮುಗಿದಿದೆ. ಗುಟುಕು ಗುಟುಕಾಗಿ ನೀರು ಕೊಡಿ, ಸೊಂಟ ತಿಕ್ಕಿ. ಗರ್ಭಕೋಶದ ಬಾಯಿ ಪೂರ್ತಿ ತೆರೆಯುವ ಮುಂಚೆ 'ಮುಕ್ಕು, ಮುಕ್ಕು' ಎಂದು ಅವಸರಪಡಿಸಬೇಡಿ, ಸುಮ್ಮನೆ ಶಕ್ತಿ ಸೋರುತ್ತದೆ, ಬಾಯಿ ಊದಿಕೊಳ್ಳುತ್ತದೆ.

ಹೊಟ್ಟೆ ಒತ್ತಿಸುವುದು ಖಂಡಿತ ಬೇಡ. ಗರ್ಭಕೋಶ ಹರಿಯಬಹುದು. ಮನೆಯಲ್ಲೋ ಸಣ್ಣ ದವಾಖಾನೆಯಲ್ಲೋ ಹಾಕಿಸುವ, ನೋವು ಏರಿಸುವ ಆಕ್ಸಿಟೋಸಿನ್ ಇಂಜೆಕ್ಷನ್ನಿನಿಂದಲೂ ಇದೇ ಅಪಾಯ, ಕೂಸಿಗೆ ಉಸಿರೂ ಕಟ್ಟಬಹುದು. ಅದೇ ಆಕ್ಸಿಟೋಸಿನ್ ಅನ್ನು ಕೂಸು ಹುಟ್ಟಿದ ಒಂದು ನಿಮಿಷದೊಳಗೆ 10 ಯೂನಿಟ್ ಕೊಟ್ಟರೆ ರಕ್ತಸ್ರಾವ ತಡೆದು ಜೀವ ಉಳಿಸುತ್ತದೆ. ಚೊಚ್ಚಲಿಗೆ 5 ಸೆಂ.ಮೀ ಬಾಯಿ ತೆರೆದ ಮೇಲೂ ಹತ್ತು-ಹನ್ನೆರಡು ತಾಸು ಹಿಡಿಯಬಹುದು. ತಾಯಿ, ಕೂಸು ಇಬ್ಬರ ನಾಡಿ ಸರಿಯಿದ್ದರೆ ಅದು ತಡವಲ್ಲ.

ನಾನು ಆಶಾ ಕಾರ್ಯಕರ್ತೆ. ಗರ್ಭಿಣಿಯರ ಸಭೆ ಮಾಡಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಮನೆಗೆ ಹೋದ ಮೇಲೆ ಏನೂ ಬದಲಾಗುವುದಿಲ್ಲ.
— ಕಲಘಟಗಿ ತಾಲ್ಲೂಕು

ಭಾಷಣ ಬಿಡಿ, ಕೈಯಲ್ಲಿ ಮಾಡಿಸಿ. ಒಂದು ಸಭೆಗೆ ಎಂಟು-ಹತ್ತು ಜನ, ಒಂದೇ ವಿಷಯ, ಮುಕ್ಕಾಲು ತಾಸು. ಅತ್ತೆಯರನ್ನು ಕರೆಯಲೇಬೇಕು, ಗುಳಿಗೆಯೋ ಗಾಡಿಯೋ ತೀರ್ಮಾನ ಅವರದೇ. ರಕ್ತಸ್ರಾವದ ಸಭೆಗೆ ಅರ್ಧ ಲೀಟರ್ ನೀರಿಗೆ ಕುಂಕುಮ ಕದಡಿ ತನ್ನಿ. ಮಡಿಸಿದ ಹಳೆಯ ಹತ್ತಿ ಸೀರೆಯ ಮೇಲೆ ಎಲ್ಲರ ಮುಂದೆ ನಿಧಾನ ಸುರಿಯಿರಿ. ಬಟ್ಟೆ ಪೂರ್ತಿ ಕುಡಿದುಬಿಡುತ್ತದೆ, ಮೇಲೆ ಒಂದು ಕಲೆ ಅಷ್ಟೇ ಕಾಣುತ್ತದೆ. ಈಗ 'ಎಷ್ಟು ಸುರಿದೆ?' ಎಂದು ಕೇಳಿ. ಹೆಚ್ಚಿನವರು ಒಂದು ಲೋಟ ಎನ್ನುತ್ತಾರೆ. ಚಂಬು ತೋರಿಸಿ. ಮುಗಿಯುವ ಮುಂಚೆ ಒಬ್ಬಾಕೆ ತನ್ನ ಗುಳಿಗೆಯ ಹೊತ್ತನ್ನು, ಇನ್ನೊಬ್ಬಾಕೆ ಯಾವಾಗ ಗಾಡಿ ಕರೆಯಬೇಕೆಂಬುದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಲಿ. ತಪ್ಪಿದರೆ ಕಲಿಸುವ ಬಗೆ ಬದಲಿಸಿ.

ಭಾರತ, ನೇಪಾಳ, ಬಾಂಗ್ಲಾದೇಶ, ಮಲಾವಿಗಳ ಏಳು ಅಧ್ಯಯನಗಳನ್ನು 2013ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಹೆಂಗಸರು ತಾವೇ ಕೂತು ಸಮಸ್ಯೆ ಗುರುತಿಸಿ ದಾರಿ ಹುಡುಕಿದ ಕಡೆ ಎಳೆಗೂಸುಗಳ ಸಾವು 23%, ತಾಯಂದಿರ ಸಾವು 37% ಕಡಿಮೆಯಾಗಿತ್ತು. ಊರಿನ ಗರ್ಭಿಣಿಯರಲ್ಲಿ ಕನಿಷ್ಠ ಮೂರರಲ್ಲೊಬ್ಬರು ಬಂದ ಕಡೆ ಫಲ ಇನ್ನೂ ಹೆಚ್ಚು. ಬಾರದ ಮನೆಗಳ ಪಟ್ಟಿ ಮಾಡಿ, ಮುಂದಿನ ಸಭೆಯನ್ನು ಅವರ ಓಣಿಯಲ್ಲೇ ಇಡಿ.

ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ, ಶೀತವಾಗುತ್ತದೆ ಅಂತಾರೆ. ನಿಜವೆ?
— ಮುಂಡರಗಿ

ನಿಜವಲ್ಲ. ನೀರು ಕಡಿಮೆಯಾದರೆ ಮಲಬದ್ಧತೆ, ಉರಿಮೂತ್ರ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಭಯ. ಕೂಸಿಗೆ ಹಾಲು ಕೊಡಲು ಕೂತಾಗಲೆಲ್ಲ ಪಕ್ಕದಲ್ಲಿ ಒಂದು ತಂಬಿಗೆ ನೀರು ಇರಲಿ, ಬಿಸಿ ಮಾಡಿ ಆರಿಸಿದ್ದಾದರೂ ಸರಿ. ಅಂಟಿನ ಉಂಡಿ, ಅಳವಿ ಪಾಯಸ ಕೊಡಿ, ಜೊತೆಗೆ ಪಲ್ಲೆ, ಬೇಳೆಯನ್ನೂ ತಪ್ಪಿಸಬೇಡಿ. ಕೆಂಪು ಗುಳಿಗೆ, ಕ್ಯಾಲ್ಸಿಯಂ ಎರಡೂ ಹೆರಿಗೆಯ ನಂತರ ಆರು ತಿಂಗಳು ಮುಂದುವರಿಯಬೇಕು. ಕೆಂಡದ ಅಗ್ಗಿಷ್ಟಿಕೆ ಇಟ್ಟು ಕಿಟಕಿ-ಬಾಗಿಲು ಮುಚ್ಚಬೇಡಿ, ಆ ಹೊಗೆ ತಾಯಿ-ಕೂಸು ಇಬ್ಬರಿಗೂ ವಿಷ. ಒಂದು ತಾಸಿನೊಳಗೆ ಒಂದು ಪ್ಯಾಡ್ ಪೂರ್ತಿ ನೆನೆದರೆ, ಜ್ವರ ಬಂದರೆ, ಸ್ರಾವ ನಾರಿದರೆ, ಒಂದೇ ಮೀನಗಂಡ ಊದಿ ನೋವಾದರೆ ಹನ್ನೊಂದನೆಯ ದಿನವೋ ಹೆಸರಿಡುವ ದಿನವೋ ಎಂದು ನೋಡದೆ ಕರೆದುಕೊಂಡು ಹೋಗಿ.