ಗೇರ್‌ಬಾಕ್ಸ್ ಇಳಿಸೋ ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿದ್ರಾ?

ಈ ಸಲವೂ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ರಾಗ. "ಹಳೇ ಆಟೋಮ್ಯಾಟಿಕ್ ಗಾಡಿ, ಗೇರ್ ಸರಿಯಾಗಿ ಬೀಳ್ತಿಲ್ಲ, ಏನು ಮಾಡಲಿ?" ಅಷ್ಟೇ. ಯಾವ ಗೇರು, ಗಾಡಿ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಒಂದು ಮಾತೂ ಇಲ್ಲ. "ಹೊಟ್ಟೆನೋವು" ಅಂತ ಚೀಟಿ ಬರೆದು ಕಳಿಸಿದರೆ ಯಾವ ಡಾಕ್ಟರ್ ಔಷಧಿ ಕೊಡುತ್ತಾರೆ? ಒಬ್ಬರು ಮಾತ್ರ ವಿವರವಾಗಿ ಬರೆದಿದ್ದಾರೆ. ಹಾಗಾಗಿ ಹೆಚ್ಚಿನ ಜಾಗ ಅವರಿಗೇ, ಉಳಿದವರಿಗೆ ಕೊನೆಯಲ್ಲಿ ಒಂದೆರಡು ಸಾಲು.

ಇಲ್ಲಿ ಹೇಳುವುದೆಲ್ಲ ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ದಾಟಿಸುವ ಭಾಗ) ಇರುವ ಗೇರ್‌ಬಾಕ್ಸ್‌ಗೆ. ಸಿವಿಟಿ, ಎಎಂಟಿ (ಇವೂ ಆಟೋಮ್ಯಾಟಿಕ್ಕೇ, ಒಳಗಿನ ರಚನೆ ಬೇರೆ) ಗಾಡಿಯವರು ಇದನ್ನು ಓದಿ ಪ್ರಯೋಗಕ್ಕೆ ಇಳಿಯಬೇಡಿ.

ಪ್ರಶ್ನೆ: 15 ವರ್ಷದ, ನಾಲ್ಕು ಗೇರಿನ ಆಟೋಮ್ಯಾಟಿಕ್ ಕಾರು. ಬೆಳಗ್ಗೆ ಲಿವರನ್ನು 'ಡಿ'ಗೆ ತಂದರೆ ಮೂರು ಸೆಕೆಂಡ್ ಅಲುಗಾಡುವುದಿಲ್ಲ, ಆಮೇಲೆ ಧಡ್ ಅಂತ ಹೊರಡುತ್ತದೆ. ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಇಂಜಿನ್ ಒಮ್ಮೆ ಕೂಗಿಕೊಂಡು ಆಮೇಲೆ ಹಿಡಿಯುತ್ತದೆ. ಹತ್ತು ಕಿಲೋಮೀಟರ್ ಓಡಿಸಿದ ಮೇಲೆ ಹೆಚ್ಚುಕಮ್ಮಿ ಸರಿಹೋಗುತ್ತದೆ. ಮೆಕ್ಯಾನಿಕ್ ಗೇರ್‌ಬಾಕ್ಸ್ ಇಳಿಸಲೇಬೇಕು ಅನ್ನುತ್ತಾರೆ. ಸ್ನೇಹಿತರು, ಹಳೇ ಗಾಡಿಗೆ ಆಯಿಲ್ ಬದಲಿಸಿದರೆ ಗೇರ್‌ಬಾಕ್ಸ್ ಸತ್ತೇ ಹೋಗುತ್ತದೆ, ಅದನ್ನು ಮುಟ್ಟಲೇಬೇಡ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಸದ್ಯಕ್ಕೆ ಇಬ್ಬರದ್ದೂ ಬೇಡ.

ನಿಮ್ಮ ಪತ್ರದಲ್ಲಿ ಚಿನ್ನದಂಥ ಮಾತು ಅಂದರೆ "ಹತ್ತು ಕಿಲೋಮೀಟರ್ ಆದ ಮೇಲೆ ಸರಿ" ಅನ್ನೋದು. ಈ ಗೇರ್‌ಬಾಕ್ಸ್‌ನಲ್ಲಿ ಕ್ಲಚ್ ಒತ್ತುವ ಕಾಲು ನಿಮ್ಮದಲ್ಲ, ಆಯಿಲ್‌ದು. ಪಂಪು ಆಯಿಲ್‌ಗೆ ಒತ್ತಡ ಕೊಡುತ್ತದೆ, ಆ ಒತ್ತಡ ಪಿಸ್ಟನ್ ತಳ್ಳುತ್ತದೆ, ಪಿಸ್ಟನ್ ಹೋಗಿ ಕ್ಲಚ್ ಪ್ಲೇಟುಗಳನ್ನು ಅದುಮುತ್ತದೆ. ಪಿಸ್ಟನ್ ಸುತ್ತ ಇರುವ ರಬ್ಬರ್ ಸೀಲ್ 15 ವರ್ಷದಲ್ಲಿ ಗಟ್ಟಿಯಾಗಿರುತ್ತದೆ. ತಣ್ಣಗಿದ್ದಾಗ ಸರಿಯಾಗಿ ಕೂರದೆ ಅಂಚಿನಿಂದ ಆಯಿಲ್ ಜಾರಿಸುತ್ತದೆ, ಬಿಸಿಯಾದರೆ ಮೆತ್ತಗಾಗಿ ಹಿಡಿಯುತ್ತದೆ. ನಿಮ್ಮದು ಇದೇ ಇರಬಹುದು. ತಣ್ಣಗಿದ್ದಾಗ ಚೆನ್ನಾಗಿದ್ದು ಬಿಸಿಯಾದ ಮೇಲೆ ಜಾರುವ ಗಾಡಿಯ ಕಥೆ ಬೇರೆ. ಅಲ್ಲಿ ಆಯಿಲ್ ತೆಳ್ಳಗಾಗಿ ಸವೆದ ಪಂಪಿನಲ್ಲೋ, ಆಯಿಲನ್ನು ಬೇಕಾದ ಕಡೆ ಹಂಚುವ ವಾಲ್ವ್ ಬಾಡಿಯಲ್ಲೋ ಸೋರಿ ಒತ್ತಡ ಬೀಳುತ್ತಿರುತ್ತದೆ. ಆದರೆ ಆಯಿಲ್ ಕಡಿಮೆ ಇದ್ದರೂ ಪಂಪು ಗಾಳಿ ಎಳೆದು ನಿಮ್ಮ ಗಾಡಿಯ ಥರದ್ದೇ ನಾಟಕ ಆಡುತ್ತದೆ. ಅದಕ್ಕೇ ಮೊದಲು ಡಿಪ್‌ಸ್ಟಿಕ್, ಅಂದರೆ ಗೇರ್‌ಬಾಕ್ಸ್ ಆಯಿಲ್ ಮಟ್ಟ ನೋಡುವ ಕಡ್ಡಿ.

ಅದನ್ನೂ ನೆಟ್ಟಗೆ ನೋಡುವವರು ಕಡಿಮೆ. ಇಪ್ಪತ್ತು ನಿಮಿಷ ಓಡಿಸಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಇಂಜಿನ್ ಚಾಲೂ ಇರಲಿ. ಬ್ರೇಕ್ ಒತ್ತಿಕೊಂಡೇ ಲಿವರನ್ನು ಎಲ್ಲ ಸ್ಥಾನಕ್ಕೂ ಒಯ್ದು ಎರಡೆರಡು ಸೆಕೆಂಡ್ ನಿಲ್ಲಿಸಿ, ಮತ್ತೆ 'ಪಿ'ಗೆ (ಪಾರ್ಕ್) ತನ್ನಿ. ಹ್ಯಾಂಡ್‌ಬ್ರೇಕ್ ಹಾಕಿ, ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಅದ್ದಿ ನೋಡಿ. ಹೋಂಡಾದ ಎಷ್ಟೋ ಮಾಡೆಲ್‌ಗಳಲ್ಲಿ ಇಂಜಿನ್ ಆಫ್ ಮಾಡಿ ನೋಡಬೇಕು, ಆದ್ದರಿಂದ ಮ್ಯಾನುಯಲ್ ಏನು ಹೇಳುತ್ತದೋ ಅದೇ ಅಂತಿಮ. ಕಡಿಮೆ ಇದೆ ಅಂತ ಒಂದು ಲೀಟರ್ ಸುರಿದುಬಿಡಬೇಡಿ, ಸ್ವಲ್ಪ ಸ್ವಲ್ಪ ಹಾಕಿ. ಜಾಸ್ತಿಯಾದರೆ ಒಳಗೆ ತಿರುಗುವ ಭಾಗಗಳು ಆಯಿಲ್ ಕಡೆದು ನೊರೆ ಎಬ್ಬಿಸುತ್ತವೆ. ನೊರೆಯಿಂದ ಒತ್ತಡ ಬರುವುದಿಲ್ಲ, ಗೇರ್ ಮತ್ತೆ ಜಾರುತ್ತದೆ. ಇನ್ನೊಂದು ಮಾತು. ಗೇರ್‌ಬಾಕ್ಸ್ ಆಯಿಲ್ ಇಂಜಿನ್ ಆಯಿಲ್ ಥರ ಉರಿದು ಖಾಲಿಯಾಗುವುದಿಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ. ಪ್ಯಾನ್ (ಗೇರ್‌ಬಾಕ್ಸ್ ಅಡಿಯ ಆಯಿಲ್ ತಟ್ಟೆ) ಗ್ಯಾಸ್ಕೆಟ್, ಆಕ್ಸಲ್ ಸೀಲ್, ಕೂಲರ್ ಪೈಪ್, ಮೂರನ್ನೂ ನೋಡಿ.

ಈಗ ಡಿಪ್‌ಸ್ಟಿಕ್ ತುದಿಯ ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಡಿ. ಕೆಂಪಗೋ ತಿಳಿ ಕಂದಾಗಿಯೋ ಹರಡಿದರೆ ಜೀವ ಇದೆ. ಕಪ್ಪಗಿದ್ದು, ನಡುವೆ ಮಸಿಯಂಥ ಪುಡಿ ಉಳಿದು, ಸುಟ್ಟ ವಾಸನೆ ಬಂದರೆ ಪ್ಲೇಟು ಸುಟ್ಟಿದೆ. ಗುಲಾಬಿ ಹಾಲಿನ ಥರ ಇದ್ದರೆ ರೇಡಿಯೇಟರ್ ಒಳಗಿನ ಕೂಲರ್ ಒಡೆದು ಕೂಲಂಟ್ ಸೇರಿದೆ. ಆ ಗಾಡಿಯನ್ನು ಸ್ಟಾರ್ಟೇ ಮಾಡಬೇಡಿ.

ಇನ್ನು ಆಯಿಲ್ ಬದಲಿಸಿದರೆ ಸಾಯುತ್ತದೆ ಅನ್ನೋ ಪುರಾಣ. ಕೇಳಿ ಕೇಳಿ ಸಾಕಾಗಿದೆ ನನಗೆ. ಏನಾಗುತ್ತದೆ ಅಂದರೆ, ಜನ ವರ್ಷಗಟ್ಟಲೆ ಆಯಿಲ್ ಮುಟ್ಟುವುದಿಲ್ಲ, ಗೇರ್ ಜಾರೋಕೆ ಶುರುವಾದ ಮೇಲೆ ಓಡಿಬಂದು ಬದಲಿಸುತ್ತಾರೆ, ಆಗಲೇ ಸವೆದು ಹೋದ ಪ್ಲೇಟು ಮುಂದಿನ ತಿಂಗಳು ಪೂರ್ತಿ ಕೈಕೊಡುತ್ತದೆ, ಆಪಾದನೆ ಹೊಸ ಆಯಿಲ್ ಮೇಲೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ನಿಮ್ಮ ಹನಿ ಕಪ್ಪಗಿಲ್ಲದಿದ್ದರೆ ಧೈರ್ಯವಾಗಿ ಬದಲಿಸಿ, ಫಿಲ್ಟರ್ ಸಮೇತ. ಆಯಿಲ್ ಇಳಿಸುವ ಡ್ರೈನ್ ಪ್ಲಗ್ ಬಿಚ್ಚಿದರೆ ಅರ್ಧದಷ್ಟೂ ಇಳಿಯದೇ ಇರಬಹುದು, ಉಳಿದದ್ದು ಟಾರ್ಕ್ ಕನ್ವರ್ಟರ್‌ನಲ್ಲೇ ಇರುತ್ತದೆ. ಅದಕ್ಕೆ ನಡುನಡುವೆ ಕೆಲವು ನೂರು ಕಿಲೋಮೀಟರ್ ಓಡಿಸಿ, ಎರಡು ಮೂರು ಸಲ ಇಳಿಸಿ ತುಂಬಿಸಿ. ಮೆಷೀನ್ ಇಟ್ಟು ಒತ್ತಡದಲ್ಲಿ ತೊಳೆಯುವುದು ಹಳೇ ಗಾಡಿಗೆ ನನಗೆ ಇಷ್ಟವಿಲ್ಲ. ಕೂತ ಕೊಳೆ ಎದ್ದು ವಾಲ್ವ್ ಬಾಡಿಯ ಸಣ್ಣ ದಾರಿಗಳಿಗೆ ಸಿಕ್ಕಿಕೊಂಡರೆ ಕಷ್ಟ. ಪುಕ್ಕಲು ಅನ್ನಿ ಬೇಕಾದರೆ. ಆಯಿಲ್ ಮಾತ್ರ ಮ್ಯಾನುಯಲ್‌ನಲ್ಲಿ ಬರೆದ ಗ್ರೇಡೇ ಆಗಬೇಕು, "ಎಲ್ಲಾ ಗಾಡಿಗೂ ಆಗುತ್ತೆ ಸಾರ್" ಅನ್ನೋ ಡಬ್ಬ ಬೇಡ.

ಪ್ಯಾನ್ ಬಿಚ್ಚಿದಾಗ ನೀವೇ ಎದುರಿಗೆ ನಿಂತಿರಿ. ಒಳಗೆ ಅಯಸ್ಕಾಂತ ಇರುತ್ತದೆ, ಅದಕ್ಕೆ ಬೂದು ಬಣ್ಣದ ಪೇಸ್ಟ್ ಮೆತ್ತಿರುತ್ತದೆ. ಬೆರಳಲ್ಲಿ ಉಜ್ಜಿ. ಕಾಡಿಗೆ ಥರ ನುಣ್ಣಗಿದ್ದರೆ ಅದು ವಯಸ್ಸಿನ ಸವೆತ, ಚಿಂತೆ ಬೇಡ. ಚುಚ್ಚುವ, ಮಿನುಗುವ ಚೂರುಗಳು ಸಿಕ್ಕರೆ ಆಗ ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ಸರಿ, ಇಳಿಸಿ.

ನಿಮ್ಮ ಗಾಡಿಯಲ್ಲಿ ಥ್ರಾಟಲ್‌ನಿಂದ ಗೇರ್‌ಬಾಕ್ಸ್‌ಗೆ ಕೇಬಲ್ ಇದ್ದರೆ ಅದನ್ನೂ ನೋಡಿಸಿ. ಸಡಿಲವಾಗಿದ್ದರೆ ಒತ್ತಡ ಕಡಿಮೆ ಬಂದು ಎರಡರಿಂದ ಮೂರಕ್ಕೆ ಹೀಗೇ ಕೂಗಬಹುದು. ಕಂಪ್ಯೂಟರ್ ಇರುವ ಗಾಡಿಯಾದರೆ ಗೇರ್‌ಬಾಕ್ಸ್‌ನ ಕೋಡ್ ಓದುವ ಸ್ಕ್ಯಾನರ್ ಬೇಕು. ಬರೀ ಪಿ0700 ತೋರಿಸಿ "ಗೇರ್‌ಬಾಕ್ಸ್ ಹೋಗಿದೆ" ಅನ್ನುವವರನ್ನು ನಂಬಬೇಡಿ. ಆ ಕೋಡ್‌ನ ಅರ್ಥ "ಗೇರ್‌ಬಾಕ್ಸ್ ಕಂಪ್ಯೂಟರ್ ಏನೋ ಹೇಳುತ್ತಿದೆ, ಹೋಗಿ ಕೇಳು" ಅಂತ ಮಾತ್ರ. ಒಮ್ಮೆ ನನ್ನ ಹತ್ತಿರ ಒಂದು ಗಾಡಿ ಬಂತು, ಮೂರನೇ ಗೇರ್ ಬಿಟ್ಟು ಕದಲುತ್ತಿರಲಿಲ್ಲ, ಗೇರ್‌ಬಾಕ್ಸ್ ಇಳಿಸೋ ತೀರ್ಮಾನವೂ ಆಗಿತ್ತು. ಕನೆಕ್ಟರ್ ಬಿಚ್ಚಿದರೆ ಎರಡು ಪಿನ್ ಹಸಿರು ತುಕ್ಕು ಹಿಡಿದು ಕೂತಿವೆ. ಸಂಪರ್ಕ ತಪ್ಪಿ ಗಾಡಿ ತನ್ನನ್ನು ಕಾಪಾಡಿಕೊಳ್ಳಲು ಲಿಂಪ್ ಮೋಡ್‌ಗೆ ಹೋಗಿತ್ತು, ಅಷ್ಟೇ. ಉಜ್ಜಿ ಹಾಕಿದ ಮೇಲೆ ನಾಲ್ಕೂ ಗೇರು ಬಂತು.

ಇಷ್ಟೆಲ್ಲ ಆದ ಮೇಲೂ ಜಾರಿದರೆ ಗೇಜ್ ಹಾಕಿಸಿ ಒತ್ತಡ ಅಳೆಸಿ. ಎಷ್ಟು ಬಂತು, ಎಷ್ಟಿರಬೇಕಿತ್ತು ಅಂತ ಮೆಕ್ಯಾನಿಕ್ ಹತ್ತಿರ ಕೇಳಿ. ಅಂಕಿ ಹೇಳಲು ಬರದವರಿಗೆ ಗೇರ್‌ಬಾಕ್ಸ್ ಬಿಚ್ಚಲು ಕೊಡಬೇಡಿ. ಅಲ್ಲಿಯವರೆಗೆ ಬೆಳಗ್ಗೆ 'ಡಿ'ಗೆ ಹಾಕಿ ಸುಮ್ನೆ ಕಾಯಿರಿ, ಹಿಡಿಯಲಿಲ್ಲ ಅಂತ ಆಕ್ಸಿಲರೇಟರ್ ಒತ್ತಬೇಡಿ. ಆ ಧಡ್ ಇದೆಯಲ್ಲ, ಪ್ಲೇಟು ಸುಡುವುದು ಅಲ್ಲೇ.

ಇನ್ನು ಉಳಿದವರ ಚುಟುಕು ಪ್ರಶ್ನೆಗಳು, ಕೆಳಗೇ ಉತ್ತರ.

70 ಕಿ.ಮೀ. ವೇಗದಲ್ಲಿ ಗಾಡಿ ನಡುಗುತ್ತದೆ. ಪ್ಲಗ್, ಕಾಯಿಲ್ ಎಲ್ಲ ಬದಲಿಸಿ ಆಯಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೀರಿ. ಖಾಲಿ ರಸ್ತೆಯಲ್ಲಿ ಆಕ್ಸಿಲರೇಟರ್ ಬಿಡದೆ ಎಡಗಾಲಲ್ಲಿ ಬ್ರೇಕ್ ಲೈಟ್ ಹತ್ತುವಷ್ಟು ಮಾತ್ರ ಪೆಡಲ್ ಮುಟ್ಟಿ. ನಡುಕ ತಟ್ಟನೆ ನಿಂತರೆ ಅದು ಟಾರ್ಕ್ ಕನ್ವರ್ಟರ್‌ನ ಲಾಕಪ್ ಕ್ಲಚ್, ಅಂದರೆ ಇಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರ ಕಚ್ಚಿಸುವ ಕ್ಲಚ್. ಸರಿಯಾದ ಹೊಸ ಆಯಿಲ್ ಹಾಕಿಸಿದರೆ ಎಷ್ಟೋ ಸಲ ಅಷ್ಟಕ್ಕೇ ಹೋಗುತ್ತದೆ.

'ಪಿ'ಯಿಂದ 'ಆರ್'ಗೆ (ರಿವರ್ಸ್) ಹಾಕಿದರೆ ಗುದ್ದಿದ ಹಾಗಾಗುತ್ತದೆ.

ಮೊದಲು ಇಂಜಿನ್ ಮೌಂಟಿಂಗ್, ಆಮೇಲೆ ಐಡಲ್ ಆರ್‌ಪಿಎಂ (ಆಕ್ಸಿಲರೇಟರ್ ಒತ್ತದಾಗ ಇಂಜಿನ್ ತಿರುಗುವ ವೇಗ). ಗೇರ್‌ಬಾಕ್ಸ್ ಆಮೇಲೆ.

ಸೋರಿಕೆ ನಿಲ್ಲಿಸುವ ಬಾಟಲಿ ಹಾಕಬಹುದಾ?

ಬೇಡ. ಸೀಲ್ ಉಬ್ಬಿಸಿ ನಾಲ್ಕು ದಿನ ಮುಚ್ಚಿಡುತ್ತದೆ.

ಇಳಿಜಾರಿನಲ್ಲಿ 'ಎನ್'ಗೆ (ನ್ಯೂಟ್ರಲ್) ಹಾಕಿದರೆ ಪೆಟ್ರೋಲ್ ಉಳಿಯುತ್ತದಾ?

ಇಲ್ಲ. ಫ್ಯೂಯಲ್ ಇಂಜೆಕ್ಷನ್ ಗಾಡಿ ಗೇರಿನಲ್ಲೇ ಇಳಿಯುವಾಗ ಇಂಧನ ತಾನೇ ಕಡಿದುಕೊಳ್ಳುತ್ತದೆ. 'ಎನ್'ನಲ್ಲಿ ಐಡಲ್‌ಗೆ ಉರಿಸುತ್ತಲೇ ಇರುತ್ತದೆ, ಮೇಲೆ ಬ್ರೇಕ್ ಒಂದೇ ಗತಿ.

ಕೆಟ್ಟು ನಿಂತ ಆಟೋಮ್ಯಾಟಿಕ್ ಕಾರನ್ನು ಹಗ್ಗ ಕಟ್ಟಿ ಎಳೆಯಬಹುದಾ?

ಇಂಜಿನ್ ತಿರುಗದೆ ಪಂಪು ತಿರುಗುವುದಿಲ್ಲ, ಒಳಗೆಲ್ಲ ಒಣ. ಟ್ರಕ್ ಮೇಲೆ ಹತ್ತಿಸಿ.

ಗೇರ್ ಬೀಳುವ ಶಬ್ದದ ವಿಡಿಯೋ ಕಳಿಸಿದ್ದೇನೆ, ನೋಡಿ ಹೇಳುತ್ತೀರಾ?

ವಿಡಿಯೋ ಬೇಡ. ಹನಿ ಬಿಟ್ಟ ಬಿಳಿ ಕಾಗದದ ಫೋಟೋ ಕಳಿಸಿ.